ಉತ್ತರ ಹೇಳದೆ ಕಲಿಸುವುದು ಹೇಗೆ: ಒಂದು ಚೌಕ, ಒಂದು ಪೆನ್ಸಿಲ್, ಒಂದಿಷ್ಟು ತಾಳ್ಮೆ

ಮಗು ಸರಿಯಾದ ಉತ್ತರ ಹೇಳುತ್ತದೆ. "ಹೇಗೆ ಗೊತ್ತಾಯಿತು?" ಎಂದು ಕೇಳಿದರೆ "ಮಿಸ್ ಹೇಳಿದ್ರು" ಅನ್ನುತ್ತದೆ. ಇನ್ನೊಂದು ಸಲ ಕೇಳಿ ನೋಡಿ. ತಾನು ಹೇಳಿದ್ದು ತಪ್ಪೇ ಇರಬೇಕು ಅಂದುಕೊಂಡು ಉತ್ತರವನ್ನೇ ಬದಲಾಯಿಸಿಬಿಡುತ್ತದೆ. ಮನೆಯಲ್ಲಿ ಮಕ್ಕಳನ್ನು ಓದಿಸುವವರು, ಶಾಲೆಯಲ್ಲಿ ಪಾಠ ಮಾಡುವವರು, ಟ್ಯೂಷನ್ ಹೇಳುವವರು ಎಲ್ಲರೂ ಇದನ್ನು ನೋಡಿರುತ್ತೀರಿ. ಸರಿ ಉತ್ತರವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿದೆಯಲ್ಲ, ನನಗೆ ಚಿಂತೆ ತರುವುದು ಅದೇ. ತಪ್ಪು ಉತ್ತರವನ್ನು ಹಟ ಹಿಡಿದು ವಾದಿಸುವ ಮಗುವಿಗೆ ಕಲಿಸಬಹುದು. ಸರಿ ಉತ್ತರವನ್ನು ಯಾಕೆ ಹಿಡಿದುಕೊಳ್ಳಬೇಕು ಅಂತಲೇ ಗೊತ್ತಿಲ್ಲದ ಮಗುವಿಗೆ ಕಲಿಸುವುದು ಬಹಳ ಕಷ್ಟ.

ಶಿಕ್ಷಣದ ಬಗ್ಗೆ ಯೋಚಿಸಿದವರು ಇದನ್ನು ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಗಮನಿಸಿದ್ದರು. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ಬರೆದ 'ಮೆನೋ' ಎಂಬ ಸಂವಾದದಲ್ಲಿ ಅವನ ಗುರು ಸಾಕ್ರಟೀಸ್ ಒಬ್ಬ ಹುಡುಗನಿಗೆ ರೇಖಾಗಣಿತ ಕಲಿಸುವ ಒಂದು ಭಾಗ ಬರುತ್ತದೆ. ಓದಿ ಮೆಚ್ಚಿ ಬದಿಗಿಡುವುದಕ್ಕಿಂತ ಅದನ್ನು ಮಾಡಿ ನೋಡುವುದೇ ಒಳ್ಳೆಯದು. ಬೇಕಾಗುವುದು ಲೆಕ್ಕದ ಚೌಕುಳಿ ಪುಸ್ತಕ, ಪೆನ್ಸಿಲ್, ಸುಮಾರು ಅರ್ಧ ಗಂಟೆ. ಮಗುವಿಗೆ ಗುಣಾಕಾರ ಬಂದರೆ ಸಾಕು, ಅಂದರೆ ನಾಲ್ಕನೇ ಅಥವಾ ಐದನೇ ತರಗತಿ ಆಗಿದ್ದರೆ ಆಯಿತು.

ಮೊದಲು ಹಿನ್ನೆಲೆ, ಸ್ವಲ್ಪವೇ. ಮೆನೋ ಗ್ರೀಸಿನ ಥೆಸಲಿ ಎಂಬ ಪ್ರಾಂತ್ಯದಿಂದ ಅಥೆನ್ಸಿಗೆ ಬಂದ ಶ್ರೀಮಂತ ಯುವಕ. ಒಳ್ಳೆಯ ಗುಣವನ್ನು ಕಲಿಸಲು ಆಗುತ್ತದೆಯೇ ಎಂದು ಸಾಕ್ರಟೀಸನನ್ನು ಕೇಳುತ್ತಾನೆ. ಮಾತು ಬೆಳೆದ ಮೇಲೆ ಒಂದು ಗಟ್ಟಿ ಪ್ರಶ್ನೆ ಹಾಕುತ್ತಾನೆ: ನಿನಗೆ ಗೊತ್ತೇ ಇಲ್ಲದ್ದನ್ನು ನೀನು ಹುಡುಕುವುದು ಹೇಗೆ? ಸಿಕ್ಕರೂ ಇದೇ ಅದು ಅಂತ ಗುರುತಿಸುವುದು ಹೇಗೆ? ಇದಕ್ಕೆ ಸಾಕ್ರಟೀಸ್ ಭಾಷಣದಲ್ಲಿ ಉತ್ತರ ಕೊಡುವುದಿಲ್ಲ. ಮೆನೋನ ಮನೆಯ ಒಬ್ಬ ಗುಲಾಮ ಹುಡುಗನನ್ನು ಕರೆಸುತ್ತಾನೆ. ಆ ಹುಡುಗ ಗಣಿತ ಕಲಿತವನಲ್ಲ. ಅವನ ಬಗ್ಗೆ ಸಾಕ್ರಟೀಸ್ ಕೇಳುವುದು ಒಂದೇ ಮಾತು: ಇವನು ಗ್ರೀಕ್ ಮಾತಾಡುತ್ತಾನಾ? ಹೌದು ಎಂದ ಮೇಲೆ ಪಾಠ ಶುರು. ಈ ವಿವರ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ನೀವೂ ಇದನ್ನು ಮಗು ಮನೆಯಲ್ಲಿ ಆಡುವ ಭಾಷೆಯಲ್ಲೇ ಮಾಡಿ. ಮಗು ಇಂಗ್ಲಿಷ್ ಮೀಡಿಯಂ ಓದುತ್ತಿದ್ದರೂ ಸರಿ, ಈ ಅರ್ಧ ಗಂಟೆ ಕನ್ನಡವೋ, ತುಳುವೋ, ಕೊಂಕಣಿಯೋ, ಉರ್ದುವೋ ಇರಲಿ. ಯೋಚನೆ ಮಾಡುವಾಗ ಪದ ಹುಡುಕುವ ಕೆಲಸ ಬೇರೆ ಇರಬಾರದು.

ಶುರು ಮಾಡುವುದು ಹೀಗೆ

ಚೌಕುಳಿ ಹಾಳೆಯಲ್ಲಿ ಎರಡು ಮನೆ ಉದ್ದ, ಎರಡು ಮನೆ ಅಗಲದ ಒಂದು ಚೌಕ ಬರೆಯಿರಿ. ಇದರೊಳಗೆ ಎಷ್ಟು ಮನೆ ಇದೆ? ನಾಲ್ಕು. ಇದರ ಎರಡರಷ್ಟು ದೊಡ್ಡ ಚೌಕ ಬೇಕು, ಅದರಲ್ಲಿ ಎಷ್ಟು ಮನೆ ಇರಬೇಕು? ಎಂಟು. ಸರಿ, ಆ ಚೌಕದ ಒಂದು ಬದಿ ಎಷ್ಟು ಉದ್ದ ಇರುತ್ತದೆ?

ಹೆಚ್ಚಿನ ಮಕ್ಕಳು ತಕ್ಷಣ "ನಾಲ್ಕು" ಅನ್ನುತ್ತಾರೆ. ಆ ಗ್ರೀಕ್ ಹುಡುಗನೂ ಅದನ್ನೇ ಹೇಳಿದ್ದ. ಎರಡರಷ್ಟು ದೊಡ್ಡದು ಅಂದರೆ ಬದಿಯೂ ಎರಡರಷ್ಟು, ಅಲ್ವಾ? ದೊಡ್ಡವರೂ ಅವಸರದಲ್ಲಿ ಹಾಗೇ ಹೇಳುತ್ತಾರೆ. ಈಗ ನಿಮ್ಮ ಕೆಲಸ ಒಂದೇ, "ತಪ್ಪು" ಅನ್ನಬಾರದು. ಮುಖದಲ್ಲೂ ತೋರಿಸಬಾರದು. "ಹೌದಾ? ಬರೆದು ಎಣಿಸು ನೋಡೋಣ" ಅನ್ನಿ. ಮಗು ಬರೆಯುತ್ತದೆ, ಎಣಿಸುತ್ತದೆ, ಹದಿನಾರು ಬರುತ್ತದೆ. ತಪ್ಪು ಅಂತ ಹೇಳಿದ್ದು ನೀವಲ್ಲ, ಹಾಳೆ. ಇಡೀ ಪಾಠದ ತಿರುಳು ಇಲ್ಲಿದೆ. ಉತ್ತರ ಸರಿಯೋ ತಪ್ಪೋ ಅಂತ ತೀರ್ಮಾನ ಮಾಡುವುದು ಟೀಚರ ಮುಖ ನೋಡಿ ಅಲ್ಲ, ವಿಷಯವನ್ನೇ ನೋಡಿ ಅಂತ ಮಗುವಿಗೆ ಅನುಭವಕ್ಕೆ ಬರಬೇಕು.

ಆಮೇಲೆ ಮಗು "ಮೂರು" ಅನ್ನುತ್ತದೆ. ಎರಡು ಸಣ್ಣದಾಯಿತು, ನಾಲ್ಕು ದೊಡ್ಡದಾಯಿತು, ಹಾಗಾಗಿ ಮೂರು. ಇದು ಒಳ್ಳೆಯ ಯೋಚನೆ, ಹಾಗೆ ಹೇಳಿ ಬೆನ್ನು ತಟ್ಟಿ. ಬರೆದು ಎಣಿಸಿದರೆ ಒಂಬತ್ತು. ಎಂಟಕ್ಕೆ ಹತ್ತಿರ, ಆದರೆ ಎಂಟಲ್ಲ. ದಶಮಾಂಶ ಕಲಿತ ಮಕ್ಕಳಾದರೆ ಇಲ್ಲಿ ಇನ್ನೊಂದು ದಾರಿ ಹಿಡಿಯುತ್ತಾರೆ: 2.5 ಹಾಕಿದರೆ 6.25, 2.8 ಹಾಕಿದರೆ 7.84, 2.83 ಹಾಕಿದರೆ 8.0089. ತಡೆಯಬೇಡಿ. ಕ್ಯಾಲ್ಕುಲೇಟರ್ ಕೊಟ್ಟರೂ ಪರವಾಗಿಲ್ಲ. ಈ ಬೆನ್ನಟ್ಟುವಿಕೆ ಮುಗಿಯುವುದೇ ಇಲ್ಲ, ಯಾಕೆಂದರೆ ಆ ಉದ್ದವನ್ನು ಯಾವ ದಶಮಾಂಶದಲ್ಲೂ ಪೂರ್ತಿಯಾಗಿ ಬರೆಯಲು ಬರುವುದಿಲ್ಲ. ಅದನ್ನು ಈಗಲೇ ಹೇಳಿಬಿಡಬೇಡಿ. ಒಂದು ಹಂತದಲ್ಲಿ ಮಗುವೇ ಪೆನ್ಸಿಲ್ ಕೆಳಗಿಟ್ಟು "ಗೊತ್ತಿಲ್ಲ" ಅನ್ನುತ್ತದೆ.

ಆ "ಗೊತ್ತಿಲ್ಲ" ಬಂದಾಗ ಏನು ಮಾಡಬೇಕು

ಏನೂ ಮಾಡಬೇಡಿ. ಸುಮ್ನೆ ಕೂತಿರಿ. ಇದೇ ಎಲ್ಲಕ್ಕಿಂತ ಕಷ್ಟದ ಭಾಗ, ಯಾಕೆಂದರೆ ನಮಗೆ ಪೋರ್ಷನ್ ಮುಗಿಸುವ ಅವಸರ, ಮಗು ಸಪ್ಪೆ ಮುಖ ಮಾಡಿದರೆ ನೋಡಲಾಗದ ಸಂಕಟ, ಜೊತೆಗೆ ಉತ್ತರ ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಮುಟ್ಟಿದವರನ್ನು ಮರಗಟ್ಟಿಸುವ ಒಂದು ಮೀನಿನಂತೆ ನೀನು ಎಂದು ಮೆನೋ ಸಾಕ್ರಟೀಸನಿಗೆ ದೂರು ಹೇಳಿರುತ್ತಾನೆ. ಹುಡುಗ ಸಿಕ್ಕಿಕೊಂಡಾಗ ಸಾಕ್ರಟೀಸ್ ಅದನ್ನೇ ನೆನಪಿಸಿ ಕೇಳುತ್ತಾನೆ: ಇವನನ್ನು ಮರಗಟ್ಟಿಸಿ ನಾವು ಇವನಿಗೆ ಕೆಟ್ಟದ್ದು ಮಾಡಿದೆವಾ? ಸ್ವಲ್ಪ ಮುಂಚೆ ಇವನು ಗೊತ್ತಿದೆ ಅಂದುಕೊಂಡು ಧೈರ್ಯವಾಗಿ ತಪ್ಪು ಹೇಳುತ್ತಿದ್ದ. ಈಗ ಗೊತ್ತಿಲ್ಲ ಅಂತ ಗೊತ್ತು. ಹಾಗಾಗಿ ಹುಡುಕಲು ಮನಸ್ಸು ಬಂದಿದೆ.

ಎಷ್ಟು ಹೊತ್ತು ಕಾಯಬೇಕು? ಮಗು ಹಾಳೆ ನೋಡುತ್ತಿರುವವರೆಗೆ ಕಾಯಿರಿ. ಹಾಳೆ ಬಿಟ್ಟು ನಿಮ್ಮನ್ನೇ ನೋಡಲು ಶುರು ಮಾಡಿದರೆ ಒಂದು ಪ್ರಶ್ನೆ ಕೊಡಿ. ಕಣ್ಣಲ್ಲಿ ನೀರು ಬಂದರೆ ನಿಲ್ಲಿಸಿ, ನಾಳೆ ಮಾಡಿ. ಅವಮಾನ ಮಾಡಿ ಯೋಚನೆ ಹುಟ್ಟಿಸಲು ಆಗುವುದಿಲ್ಲ. ತರಗತಿಯಲ್ಲಿ ಮಾಡುವುದಾದರೆ ಒಬ್ಬರನ್ನೇ ಬೋರ್ಡಿಗೆ ಕರೆದು ನಿಲ್ಲಿಸುವ ಬದಲು ಇಬ್ಬಿಬ್ಬರನ್ನು ಕೂರಿಸಿ.

ಮುಂದಿನ ಹೆಜ್ಜೆಯಲ್ಲಿ ನಾನು ಸಾಕ್ರಟೀಸನ ದಾರಿ ಬಿಡುತ್ತೇನೆ. ಅವನು ಮೂಲೆಯಿಂದ ಮೂಲೆಗೆ ಗೆರೆ ತಾನೇ ಎಳೆದು ತೋರಿಸುತ್ತಾನೆ, ಹುಡುಗ ಹೌದು ಹೌದು ಅನ್ನುತ್ತಾ ಹೋಗುತ್ತಾನೆ. ಇದು ಕಲಿಸಿದ್ದಲ್ಲ, ಹುಡುಗನೇ ಹೇಳಿದ್ದು ಎಂದು ಸಾಕ್ರಟೀಸ್ ವಾದಿಸಿದರೂ ಆ ಗೆರೆ ಎಳೆದದ್ದು ಸಾಕ್ರಟೀಸನೇ ಎಂಬ ಆಕ್ಷೇಪ ಹಳೆಯದು, ನ್ಯಾಯವಾದದ್ದೂ ಹೌದು. ನಾವು ಹೀಗೆ ಮಾಡೋಣ. ಮಗು ಆಗಲೇ ಬರೆದ ಹದಿನಾರು ಮನೆಯ ಚೌಕ ಇದೆಯಲ್ಲ, ಅದರೊಳಗೆ ಮೊದಲಿನ ಚೌಕದಂಥವು ನಾಲ್ಕು ಇವೆ. ಕೇಳಿ: "ನಮಗೆ ಹದಿನಾರರಲ್ಲಿ ಅರ್ಧ ಸಾಕು. ಈ ನಾಲ್ಕು ಚೌಕಗಳನ್ನೂ ಅರ್ಧ ಅರ್ಧ ಮಾಡಬಹುದಾ?"

ಕೆಲವು ಮಕ್ಕಳು ಚೌಕವನ್ನು ನೇರವಾಗಿ ಮಧ್ಯದಲ್ಲಿ ಕತ್ತರಿಸುತ್ತಾರೆ. ಎಂಟು ಮನೆ ಬರುತ್ತದೆ, ಆದರೆ ಆಕಾರ ಉದ್ದುದ್ದ. "ಎಂಟು ಬಂತು. ಚೌಕ ಬಂತಾ?" ಎಂದಷ್ಟೇ ಕೇಳಿ. ಸ್ವಲ್ಪ ಹೊತ್ತಿನಲ್ಲಿ ಯಾರಾದರೂ ಓರೆಯಾಗಿ ಕತ್ತರಿಸುತ್ತಾರೆ. ನಾಲ್ಕು ಓರೆ ಗೆರೆಗಳು ಸೇರಿದಾಗ ನಡುವೆ ಒಂದು ಚೌಕ ಮೂಲೆಯ ಮೇಲೆ ನಿಂತಂತೆ ಕಾಣುತ್ತದೆ. ಅದರೊಳಗೆ ನಾಲ್ಕು ಅರ್ಧಗಳು, ಪ್ರತಿ ಅರ್ಧದಲ್ಲಿ ಎರಡು ಮನೆ, ಒಟ್ಟು ಎಂಟು. ಹಾಳೆ ತಿರುಗಿಸಿ "ಇದು ನಿಜವಾಗಿಯೂ ಚೌಕವೇನಾ, ಮೂಲೆ ನೆಟ್ಟಗಿದೆಯಾ?" ಎಂದೂ ಕೇಳಿಬಿಡಿ. ಅದನ್ನೂ ಮಗು ಕಾರಣ ಕೊಟ್ಟೇ ಹೇಳಬೇಕು.

ಒಂದು ಎಚ್ಚರಿಕೆ. ಹೌದು ಅಥವಾ ಇಲ್ಲ ಅಂತ ಮುಗಿಯುವ ಪ್ರಶ್ನೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. "ಇದು ಎರಡರಷ್ಟು ಆಯಿತು, ಅಲ್ವಾ ಪುಟ್ಟಾ?" ಎಂದರೆ ಪ್ರಶ್ನೆಚಿಹ್ನೆ ಇದ್ದರೂ ಅದು ಉತ್ತರವೇ.

ಸರಿ ಉತ್ತರ ಬಂತಲ್ಲ, ಇನ್ನೇನು?

ಇಲ್ಲಿ ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ಈಗ ಹುಡುಗನ ತಲೆಯಲ್ಲಿರುವುದು ಕನಸಿನ ಹಾಗಿದೆ, ಇದನ್ನೇ ಬೇರೆ ಬೇರೆ ರೀತಿಯಲ್ಲಿ ಹಲವು ಸಲ ಕೇಳಿದರೆ ಮಾತ್ರ ಅದು ತಿಳಿವಳಿಕೆ ಆಗುತ್ತದೆ ಎಂದು ಸಾಕ್ರಟೀಸನೇ ಹೇಳುತ್ತಾನೆ. ಮರುದಿನ ಮೂರು ಮನೆಯ ಚೌಕ ಕೊಡಿ. ಮತ್ತೊಂದು ದಿನ ಅರ್ಧದಷ್ಟು ಚೌಕ ಕೇಳಿ. ಪಕ್ಕದ ಮನೆಯ ಮಗುವಿಗೆ ಹೇಳಿಕೊಡಲು ಬಿಡಿ. ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು: "ಯಾರಾದರೂ ಬಂದು ಬದಿ ಮೂರೇ ಅಂತ ಹಟ ಮಾಡಿದರೆ, ಅಲ್ಲ ಅಂತ ಹೇಗೆ ತೋರಿಸ್ತೀಯ?"

ಯಾಕಿಷ್ಟು ಕಷ್ಟಪಡಬೇಕು? ಮೆನೋಗೂ ಇದೇ ಅನುಮಾನ ಬರುತ್ತದೆ. ಲಾರಿಸಾ ಎಂಬ ಊರಿಗೆ ಹೋಗುವ ದಾರಿ ಗೊತ್ತಿರುವವನೂ, ಹೋಗಿಲ್ಲದೆ ಸುಮ್ಮನೆ ಸರಿಯಾಗಿ ಊಹಿಸಿದವನೂ ನಮ್ಮನ್ನು ಅದೇ ಊರಿಗೆ ಮುಟ್ಟಿಸುತ್ತಾರಲ್ಲ. ಪರೀಕ್ಷೆಯಲ್ಲೂ ಇಬ್ಬರಿಗೂ ಅಷ್ಟೇ ಮಾರ್ಕ್ಸ್. ಸಾಕ್ರಟೀಸ್ ಕೊಡುವ ಉತ್ತರದಲ್ಲಿ ಡೀಡಲಸ್ ಎಂಬ ಶಿಲ್ಪಿಯ ಪ್ರತಿಮೆಗಳು ಬರುತ್ತವೆ, ಕಟ್ಟಿಹಾಕದಿದ್ದರೆ ಎದ್ದು ಓಡಿಹೋಗುತ್ತಿದ್ದವಂತೆ. ಸರಿ ಅಭಿಪ್ರಾಯವೂ ಹಾಗೆಯೇ, ಇರುವಷ್ಟು ಹೊತ್ತು ಒಳ್ಳೆಯದು, ಆದರೆ ನಿಲ್ಲುವುದಿಲ್ಲ. ಕಾರಣದಿಂದ ಕಟ್ಟಿದಾಗ ಅದು ಜ್ಞಾನವಾಗಿ ನಿಲ್ಲುತ್ತದೆ. "ಯಾಕೆ" ಎಂದು ಕೇಳಿದ ಕೂಡಲೇ ಸರಿ ಉತ್ತರ ಬಿಟ್ಟುಕೊಡುವ ಮಗುವಿನ ಹತ್ತಿರ ಕಟ್ಟದ ಉತ್ತರ ಇದೆ ಅಷ್ಟೆ.

ಹುಡುಗ ಉತ್ತರ ಕಂಡುಕೊಂಡದ್ದು ಹಿಂದಿನ ಜನ್ಮದ ನೆನಪಿನಿಂದ ಎಂದು ಪ್ಲೇಟೋ ವಿವರಿಸುತ್ತಾನೆ. ಅದನ್ನು ಒಪ್ಪಬೇಕಾಗಿಲ್ಲ. ನನ್ನ ಪ್ರಕಾರ ಆ ಹುಡುಗ ಏನನ್ನೂ ನೆನಪಿಸಿಕೊಳ್ಳಲಿಲ್ಲ. ಎಣಿಸಿದ, ಹೋಲಿಸಿದ, ತಪ್ಪನ್ನು ಬಿಟ್ಟ.

ಹಾಗಾದರೆ ಬಾಯಿಪಾಠ ಬೇಡವೇ?

ಬೇಕು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ "ಮಾಹಿತಿ ಎಲ್ಲಾ ಮೊಬೈಲಲ್ಲಿದೆ, ಮಕ್ಕಳಿಗೆ ಯೋಚನೆ ಮಾಡೋದು ಕಲಿಸಿದರೆ ಸಾಕು" ಎಂಬ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಆ ಗುಲಾಮ ಹುಡುಗನಿಗೆ ನಾಲ್ಕು ನಾಲ್ಕಲಿ ಹದಿನಾರು ಅಂತ ಗೊತ್ತಿರದಿದ್ದರೆ ತನ್ನ ಉತ್ತರ ತಪ್ಪು ಅಂತ ಅವನಿಗೆ ತಿಳಿಯುತ್ತಲೇ ಇರಲಿಲ್ಲ. ತರ್ಕ ಗಾಳಿಯಲ್ಲಿ ನಡೆಯುವುದಿಲ್ಲ, ಅದಕ್ಕೆ ಹಿಡಿಯಲು ಏನಾದರೂ ಬೇಕು. ಮಗ್ಗಿ ಬರುವ ಮಗು ಚೌಕದ ಬಗ್ಗೆ ಯೋಚಿಸುತ್ತದೆ. ಬಾರದ ಮಗು ಮಗ್ಗಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ನಮ್ಮಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಯಜ್ಞವೇದಿ ಕಟ್ಟುವವರಿಗಾಗಿ ರಚಿಸಿದ ಬೌಧಾಯನ ಶುಲ್ಬಸೂತ್ರದಲ್ಲಿ ಇದೇ ಮಾತು ನಿಯಮವಾಗಿ ಬರುತ್ತದೆ: ಚೌಕದ ಮೂಲೆಯಿಂದ ಮೂಲೆಗೆ ಎಳೆದ ಹಗ್ಗ ಎರಡರಷ್ಟು ನೆಲವನ್ನು ಕೊಡುತ್ತದೆ. ಬಾಯಿಪಾಠ ಮಾಡಲು ಒಂದೇ ಸಾಲು. ಸೂತ್ರದಲ್ಲಿ ಕಾರಣ ಇಲ್ಲ, ಯಾಕೆಂದರೆ ಸೂತ್ರದ ಕೆಲಸ ನೆನಪಿಡಿಸುವುದು. ಗೂಟ ಹೊಡೆದು ಹಗ್ಗ ಹಿಡಿದು ಅಳೆಯುವವರ ಕಣ್ಣೆದುರೇ ಅದರ ಸತ್ಯ ಇತ್ತು. ಮನೆ ಪಾಯ ಗುರುತು ಮಾಡುವ ಗಾರೆ ಕೆಲಸದವರು ಇಂದಿಗೂ ಮೂರು, ನಾಲ್ಕು, ಐದು ಅಡಿ ಅಳೆದು ಮೂಲೆಮಟ್ಟ ನೋಡುತ್ತಾರೆ. ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಒಂದು ತುದಿ ಹಿಡಿಯಲು ಬಿಟ್ಟರೆ ಬೇರೆ ಪಾಠ ಬೇಡ.

ಹಾಗಾಗಿ ನಾನು ಪಾಲಿಸುವ ಕ್ರಮ ಇಷ್ಟು. ಬಾಯಿಪಾಠ ಮಾಡಿಸಿ, ಆದರೆ ಪ್ರತಿಯೊಂದನ್ನೂ ಒಮ್ಮೆಯಾದರೂ ಬಿಚ್ಚಿ ತೋರಿಸಿ. ಏಳು ಎಂಟಲಿ ಐವತ್ತಾರು. ಮರೆತು ಹೋದರೆ ಹೇಗೆ ಕಂಡುಹಿಡಿಯುತ್ತೀಯ? ಏಳು ಏಳಲಿ ನಲವತ್ತೊಂಬತ್ತು, ಅದಕ್ಕೆ ಇನ್ನೊಂದು ಏಳು. ಭಿನ್ನರಾಶಿಯ ಭಾಗಾಕಾರದಲ್ಲಿ "ತಿರುಗಿಸಿ ಗುಣಿಸು" ಎನ್ನುತ್ತೇವೆ. ಯಾಕೆ ತಿರುಗಿಸಬೇಕು? ಆರು ಲೀಟರ್ ಹಾಲನ್ನು ಅರ್ಧ ಲೀಟರಿನ ಪ್ಯಾಕೆಟ್ಟಿಗೆ ತುಂಬಿದರೆ ಎಷ್ಟು ಪ್ಯಾಕೆಟ್ ಆಗುತ್ತದೆ ಎಂದು ಕೇಳಿ, ತಿರುಗಿಸುವುದು ಎಲ್ಲಿಂದ ಬಂತು ಅಂತ ಮಗುವಿಗೇ ಕಾಣುತ್ತದೆ.

ಚೌಕದಂತೆ ಎಲ್ಲವೂ ಅಲ್ಲ

ಪ್ರಶ್ನೆ ಕೇಳಿ ಕೇಳಿ ಎಲ್ಲವನ್ನೂ ಮಗುವಿನಿಂದ ಹೊರಡಿಸಬಹುದು ಎಂದು ತಿಳಿಯಬೇಡಿ. ತಾಳಿಕೋಟೆ ಯುದ್ಧ 1565ರಲ್ಲಿ ಆಯಿತು ಎಂಬುದನ್ನು ಯಾವ ಮಗುವೂ ಯೋಚಿಸಿ ಕಂಡುಹಿಡಿಯಲಾರದು. ಹಾಗೆ ಕೇಳಿ ಕೂರುವುದು ಮಗುವಿಗೆ ಹಿಂಸೆ. ಹೇಳಿಬಿಡಿ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯ ದರ್ಶನದವರು ತಿಳಿವಳಿಕೆಯ ದಾರಿಗಳನ್ನು ನಾಲ್ಕಾಗಿ ವಿಂಗಡಿಸಿದ್ದರು: ಕಣ್ಣಾರೆ ಕಾಣುವುದು ಪ್ರತ್ಯಕ್ಷ, ಕಂಡದ್ದರಿಂದ ಕಾಣದ್ದನ್ನು ಊಹಿಸುವುದು ಅನುಮಾನ, ಹೋಲಿಕೆಯಿಂದ ಗುರುತಿಸುವುದು ಉಪಮಾನ, ನಂಬತಕ್ಕವರ ಮಾತು ಶಬ್ದ. ನಂಬತಕ್ಕವರ ಮಾತನ್ನು ಅವರು ಕೀಳು ಮಾಡಲಿಲ್ಲ, ಅದೂ ಒಂದು ದಾರಿ. ಆದರೆ ನಂಬತಕ್ಕವರು ಯಾರು ಎಂಬ ಪ್ರಶ್ನೆ ಅದರ ಜೊತೆಗೇ ಬರುತ್ತದೆ. ಶಿಕ್ಷಣದ ತತ್ತ್ವಶಾಸ್ತ್ರ ಬರೆದ ಇಂಗ್ಲೆಂಡಿನ ಪಾಲ್ ಹರ್ಸ್ಟ್ 1965ರಲ್ಲಿ ಬೇರೆ ರೀತಿಯಲ್ಲಿ ಇದಕ್ಕೆ ಹತ್ತಿರದ ಮಾತು ಹೇಳಿದರು: ಗಣಿತ, ವಿಜ್ಞಾನ, ಇತಿಹಾಸ ಇವುಗಳಲ್ಲಿ ಒಂದು ಮಾತು ನಿಜವೋ ಅಲ್ಲವೋ ಎಂದು ನೋಡುವ ಬಗೆಯೇ ಬೇರೆ ಬೇರೆ.

ಇದನ್ನು ಮನೆಯಲ್ಲಿ ಬಳಸುವುದು ಸುಲಭ. ನೋಟ್ಸಿನ ಅಂಚಿನಲ್ಲಿ "ಇದು ಹೇಗೆ ಗೊತ್ತು?" ಎಂದು ಬರೆಯಿಸಿ. ನೋಡಿದ್ದು, ಲೆಕ್ಕ ಹಾಕಿದ್ದು, ಯಾರೋ ಹೇಳಿದ್ದು, ಇಷ್ಟೇ ಸಾಕು.

ಹಲ್ಮಿಡಿ ಶಾಸನವನ್ನು ತೆಗೆದುಕೊಳ್ಳಿ. ಸುಮಾರು ಕ್ರಿ.ಶ. 450 ಎಂದು ಮಕ್ಕಳು ಉರು ಹೊಡೆಯುತ್ತಾರೆ. ಬೇಲೂರು ತಾಲ್ಲೂಕಿನ ಆ ಊರಿನ ಕಲ್ಲನ್ನು 1936ರಲ್ಲಿ ಪುರಾತತ್ತ್ವಜ್ಞ ಎಂ. ಎಚ್. ಕೃಷ್ಣ ಬೆಳಕಿಗೆ ತಂದರು. ಸ್ವಾರಸ್ಯ ಏನೆಂದರೆ, ಆ ಕಲ್ಲಿನ ಮೇಲೆ ಇಸವಿಯೇ ಇಲ್ಲ! ಮಗುವಿಗೆ ಇದನ್ನು ಹೇಳಿ ಸುಮ್ಮನಾಗಿ. "ಮತ್ತೆ 450 ಎಲ್ಲಿಂದ ಬಂತು?" ಎಂದು ಅದೇ ಕೇಳುತ್ತದೆ. ಆಗ ಸುಳಿವುಗಳನ್ನು ಒಂದೊಂದಾಗಿ ಕೊಡಿ. ಅದರಲ್ಲಿ ಕದಂಬ ಕಾಕುಸ್ಥನ ಹೆಸರಿದೆ. ಅಕ್ಷರದ ಆಕಾರ ಇಂಥ ಕಾಲದ ಬೇರೆ ಶಾಸನಗಳಿಗೆ ಹೊಂದುತ್ತದೆ. ಭಾಷೆಯಲ್ಲಿ ಹಳೆಯ ರೂಪಗಳಿವೆ. ಇವನ್ನೆಲ್ಲ ಕೂಡಿಸಿ ವಿದ್ವಾಂಸರು ಒಂದು ಅಂದಾಜಿಗೆ ಬಂದರು, ಆ ಅಂದಾಜಿನ ಬಗ್ಗೆ ಅವರಲ್ಲೇ ಚರ್ಚೆಯೂ ಆಯಿತು. ಈಗ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಇದಕ್ಕಿಂತ ಹಳೆಯದು ಎಂಬ ವಾದ ಇದೆ. ಬರೀ ಇಸವಿ ಉರು ಹೊಡೆದ ಮಗು ಇದನ್ನು ಕೇಳಿದರೆ "ಹಾಗಾದರೆ ನಮಗೆ ಕಲಿಸಿದ್ದು ಸುಳ್ಳಾ?" ಎಂದು ಗಲಿಬಿಲಿ ಆಗುತ್ತದೆ. ಕಾರಣ ಗೊತ್ತಿರುವ ಮಗು "ಹೊಸ ಶಾಸನದಲ್ಲಿ ಏನು ಬರೆದಿದೆ?" ಎಂದು ಕೇಳುತ್ತದೆ. ಎರಡೂ ಮಕ್ಕಳಿಗೆ ಪರೀಕ್ಷೆಯಲ್ಲಿ ಸಿಕ್ಕಿದ್ದು ಒಂದೇ ಮಾರ್ಕು. ಆದರೆ ದೊಡ್ಡವರಾದ ಮೇಲೆ ವಾಟ್ಸಾಪಿನಲ್ಲಿ ಇತಿಹಾಸದ ಬಗ್ಗೆ ಏನಾದರೂ ಬಂದಾಗ ಇವರಿಬ್ಬರೂ ಒಂದೇ ರೀತಿ ಓದುವುದಿಲ್ಲ.

ಕಾರಣವನ್ನೂ ಉರು ಹೊಡೆದರೆ?

ಇದು ನಿಜವಾದ ತೊಂದರೆ. ಮಕ್ಕಳಿಗೆ ಕಾರಣ ಹೇಳಿ ತಿಳಿಸಿ ಬೆಳೆಸಬೇಕು ಎಂದು ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1693ರಲ್ಲಿ ಬರೆದ. 1762ರಲ್ಲಿ ಚಿಂತಕ ರೂಸೋ ಮಕ್ಕಳ ಶಿಕ್ಷಣದ ಬಗ್ಗೆ ಬರೆದ 'ಎಮಿಲ್' ಪುಸ್ತಕದಲ್ಲಿ ಲಾಕ್‌ನ ಹೆಸರು ಹೇಳಿಯೇ ಇದನ್ನು ಕಟುವಾಗಿ ವಿರೋಧಿಸಿದ. ತರ್ಕ ಕೊನೆಗೆ ಬೆಳೆಯುವ ಶಕ್ತಿ, ಅದರಿಂದಲೇ ಶುರು ಮಾಡಿದರೆ ಮಕ್ಕಳು ದೊಡ್ಡವರ ಮಾತನ್ನು ಗಿಳಿಯಂತೆ ಹೇಳಲು ಕಲಿಯುತ್ತಾರೆ ಎಂಬುದು ಅವನ ಭಯ. ನಮ್ಮ "ಕಾರಣ ಕೊಡಿ" ಪ್ರಶ್ನೆಗಳನ್ನು ನೋಡಿ. ಕಾರಣವೂ ಗೈಡಿನಲ್ಲಿ ಅಚ್ಚಾಗಿದೆ, ಮಕ್ಕಳು ಅದನ್ನೂ ಬಾಯಿಪಾಠ ಮಾಡುತ್ತಾರೆ. ರೂಸೋ ಹೆದರಿದ್ದು ಸುಳ್ಳಲ್ಲ.

ಆದರೂ ನಾನು ಲಾಕ್‌ನ ಕಡೆ. ಅವನು ಮಕ್ಕಳಿಗೆ ಉದ್ದದ ವಾದ ಬೇಡ ಎಂದೇ ಹೇಳಿದ್ದ, ವಯಸ್ಸಿಗೆ ತಕ್ಕಂತೆ ಕೆಲವೇ ಮಾತಿನಲ್ಲಿ ಕಾರಣ ಇರಲಿ ಎಂದಿದ್ದ. ಉರು ಹೊಡೆದ ಕಾರಣವನ್ನು ಪತ್ತೆ ಹಚ್ಚಲು ಒಂದು ಉಪಾಯ ಇದೆ, ಪ್ರಶ್ನೆಯಲ್ಲಿ ಒಂದು ಅಂಶ ಬದಲಾಯಿಸಿ. "ಕರಾವಳಿಯಲ್ಲಿ ಮಳೆ ಹೆಚ್ಚು, ಕಾರಣ ಕೊಡಿ" ಎಂದರೆ ಪಶ್ಚಿಮ ಘಟ್ಟ ಮೋಡಗಳನ್ನು ತಡೆಯುತ್ತದೆ ಎಂದು ಬರೆಯುತ್ತಾರೆ. "ಘಟ್ಟವೇ ಇಲ್ಲದಿದ್ದರೆ ಚಿತ್ರದುರ್ಗದ ಮಳೆ ಏನಾಗುತ್ತಿತ್ತು?" ಎಂದು ಕೇಳಿ. ಅರ್ಥವಾದ ಮಗು ತಡವರಿಸಿದರೂ ಏನೋ ಒಂದು ಕಟ್ಟಲು ನೋಡುತ್ತದೆ. ಉರು ಹೊಡೆದ ಮಗು "ಇದು ಪಾಠದಲ್ಲಿಲ್ಲ" ಅನ್ನುತ್ತದೆ. ಬೈಯಬೇಡಿ, ಅದು ನಿಮಗೆ ಎಲ್ಲಿಂದ ಶುರು ಮಾಡಬೇಕು ಅಂತ ತೋರಿಸಿಕೊಟ್ಟಿದೆ.

ಮಗುವಿನ ಪ್ರಶ್ನೆಗೆ ನಿಮಗೇ ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಹೇಗೆ ತಿಳಿಯಬಹುದು?" ಎಂದು ಹೇಳಿ, ಆಮೇಲೆ ನಿಜವಾಗಿಯೂ ಜೊತೆಗೆ ಕೂತು ಹುಡುಕಿ. ನೀವು ಹುಡುಕುವುದನ್ನು ಮಗು ನೋಡಬೇಕು.

ಅದಕ್ಕೆ ಚೌಕದಲ್ಲೇ ಒಂದು ಲೆಕ್ಕ ಇದೆ. ಎರಡರಷ್ಟು ಆಯಿತಲ್ಲ, ಮೂರರಷ್ಟು ದೊಡ್ಡ ಚೌಕ ಬರೆಯುವುದು ಹೇಗೆ, ಅಂದರೆ ಹನ್ನೆರಡು ಮನೆಯದು? ಓರೆ ಗೆರೆಯ ಉಪಾಯವನ್ನೇ ಮತ್ತೊಮ್ಮೆ ಮಾಡೋಣ ಎಂದು ಮಗು ಹೊರಟರೆ ಎಂಟರಿಂದ ನೇರ ಹದಿನಾರಕ್ಕೆ ಜಿಗಿಯುತ್ತದೆ, ಹನ್ನೆರಡು ಸಿಗುವುದಿಲ್ಲ. ನೀವಿಬ್ಬರೂ ಸ್ವಲ್ಪ ಹೊತ್ತು ಸಿಕ್ಕಿಕೊಳ್ಳಿ. ಆಮೇಲೆ ಒಂದು ಬದಿ ಎರಡು ಮನೆ, ಇನ್ನೊಂದು ಬದಿ ಆಗ ಸಿಕ್ಕ ಓರೆ ಗೆರೆಯಷ್ಟು ಉದ್ದ ಇರುವ ಒಂದು ಆಯತ ಬರೆದು ನೋಡಿ.